ವೀರಗಲ್ಲಿಗೆ ಓರೆ ಬೆಳಕು: ಕಡಿಮೆ ದುಡ್ಡಿನ ಫ್ಲ್ಯಾಶ್ ಟ್ರಿಗರ್ ಆರಿಸುವ ಬಗ್ಗೆ

ಕೊಪ್ಪಳ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮಗ್ಗುಲಿಗೋ ಊರ ಅಗಸಿಗೋ ಬೇವಿನ ಕಟ್ಟೆಗೋ ಆನಿಸಿಟ್ಟ ವೀರಗಲ್ಲುಗಳಿವೆ. ದನ ಕಾಯ್ದು ಸತ್ತವನ ಹೆಸರು, ಊರಿನ ಹೆಸರು, ಆಗ ಆಳುತ್ತಿದ್ದ ಅರಸನ ಹೆಸರು ಕೆಲವು ಕಲ್ಲುಗಳ ಮೇಲೆ ಎರಡು ಮೂರು ಸಾಲಿನಲ್ಲಿ ಕೆತ್ತಿರುತ್ತದೆ. ಮಧ್ಯಾಹ್ನ ಅದರ ಮುಂದೆ ನಿಂತು ಫೋಟೊ ತೆಗೆದರೆ ಬೂದು ಬಣ್ಣದ ಚಪ್ಪಡಿಯೊಂದು ಬರುತ್ತದೆ, ಅಕ್ಷರ ಬರುವುದಿಲ್ಲ. ಕ್ಯಾಮೆರಾದ ತಲೆ ಮೇಲಿನ ಫ್ಲ್ಯಾಶ್ ಹೊಡೆದರೆ ಇನ್ನೂ ಕಷ್ಟ. ನೇರ ಬೆಳಕು ಅಕ್ಷರದ ಕಾಲುವೆಯೊಳಗೂ ಅಷ್ಟೇ ಬೀಳುತ್ತದೆ, ಹೊರಗೂ ಅಷ್ಟೇ ಬೀಳುತ್ತದೆ, ನೆರಳೇ ಹುಟ್ಟುವುದಿಲ್ಲ. ಸವೆದ ಅಕ್ಷರವನ್ನು ಓದಿಸುವುದು ನೆರಳು. ಅದಕ್ಕೆ ಬೆಳಕು ಕಲ್ಲಿನ ಮೈಗೆ ಹತ್ತಿಕೊಂಡೇ, ಹದಿನೈದು ಇಪ್ಪತ್ತು ಡಿಗ್ರಿ ಓರೆಯಲ್ಲಿ, ಪಕ್ಕದಿಂದ ಹರಿಯಬೇಕು.

ಸೂರ್ಯ ಆ ಕೆಲಸ ಮಾಡುತ್ತಾನೆ, ಆದರೆ ಅವನು ಮಾಡುವುದು ಕೆಲವೇ ನಿಮಿಷ. ಅದೂ ಕಲ್ಲು ಸರಿಯಾದ ದಿಕ್ಕಿಗೆ ಮುಖ ಮಾಡಿದ್ದರೆ ಮಾತ್ರ. ಗುಡಿಯ ಒಳಗೆ ಉತ್ತರಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ವರ್ಷವಿಡೀ ಅಂಥ ಬಿಸಿಲು ಸಿಗದೇ ಇರಬಹುದು. ಆದ್ದರಿಂದಲೇ ಜನ ಸೀಮೆಸುಣ್ಣ ತಿಕ್ಕುತ್ತಾರೆ, ಜೋಳದ ಹಿಟ್ಟು ಒರೆಸುತ್ತಾರೆ, ಕೆಲವರು ತಂತಿ ಬ್ರಷ್ ಹಿಡಿದು ಉಜ್ಜುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ತಿಕ್ಕಿದಷ್ಟೂ ಕಲ್ಲಿನ ಮೇಲ್ಪದರ ಹೋಗುತ್ತದೆ. ನೀವು ಓದಿದ ಅಕ್ಷರ ಮುಂದಿನವರಿಗೆ ಉಳಿಯುವುದಿಲ್ಲ. ಕ್ಯಾಮೆರಾದಿಂದ ಬಿಡಿಸಿಕೊಂಡ ಒಂದು ಸಣ್ಣ ಫ್ಲ್ಯಾಶ್, ಅದನ್ನು ದೂರದಿಂದ ಫೈರ್ ಮಾಡಿಸುವ ಒಂದು ಟ್ರಿಗರ್, ಇವೆರಡು ಇದ್ದರೆ ಕಲ್ಲನ್ನು ಬೆರಳಿನಿಂದಲೂ ಮುಟ್ಟದೆ ಅಕ್ಷರ ಎಬ್ಬಿಸಬಹುದು.

ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಫೋಟೊಗ್ರಫಿ ನನ್ನ ಹೊಟ್ಟೆಪಾಡಲ್ಲ, ಹಾಗಾಗಿ ಒಂದೊಂದು ಸಾಮಾನು ಕೊಳ್ಳುವಾಗಲೂ ಸಂಬಳದ ಲೆಕ್ಕ ಅಡ್ಡ ಬರುತ್ತದೆ. ನನ್ನ ಕ್ಯಾಮೆರಾ ಹಳೆಯ ನಿಕಾನ್ ಡಿ5300. ಭಾನುವಾರ ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆ ಬಸ್ಸು ಹತ್ತುತ್ತೇನೆ. ಜೊತೆಗೆ ಡಿಪ್ಲೊಮಾ ಓದುವ ಅಣ್ಣನ ಮಗ ಬರುತ್ತಾನೆ, ಫ್ಲ್ಯಾಶ್ ಹಿಡಿಯುವ ಕೈ ಅವನದು. ತೆಗೆದ ಫೋಟೊಗಳನ್ನು ಶಾಸನ ಓದಬಲ್ಲ ಹಿರಿಯರಿಗೆ ಕಳಿಸುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ತಾವೂ ಈ ಕೆಲಸಕ್ಕೆ ಇಳಿಯಬೇಕೆಂದು “ಮೇಡಂ, ಯಾವ ಟ್ರಿಗರ್ ತಗೊಳ್ಳೋಣ್ರೀ?” ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇಷ್ಟು ಬರೆಯುತ್ತಿದ್ದೇನೆ.

ರೇಡಿಯೊ ಟ್ರಿಗರ್ ಇಲ್ಲದೆಯೂ ಫ್ಲ್ಯಾಶನ್ನು ಹೊರಗಿಡಲು ಎರಡು ದಾರಿ ಇವೆ. ಒಂದು ವೈರು. ಹಾಟ್ ಶೂನಿಂದ, ಅಂದರೆ ಕ್ಯಾಮೆರಾದ ತಲೆ ಮೇಲೆ ಫ್ಲ್ಯಾಶ್ ಕೂರಿಸುವ ಪಿನ್ನಿನ ಗೂಡಿನಿಂದ, ಫ್ಲ್ಯಾಶಿಗೆ ಉದ್ದನೆಯ ಕೇಬಲ್ ಎಳೆದರೆ ಬ್ಯಾಟರಿಯ ಚಿಂತೆ ಇಲ್ಲ, ಚಾನಲ್ಲಿನ ಗೊಂದಲ ಇಲ್ಲ. ಮೇಜಿನ ಮೇಲೆ ನಾಣ್ಯವನ್ನೋ ತಾಮ್ರಪಟವನ್ನೋ ತೆಗೆಯುವವರಿಗೆ ಇಂದಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ ವೀರಗಲ್ಲಿನ ಸುತ್ತ ಫ್ಲ್ಯಾಶ್ ತಿರುಗಬೇಕು, ಅಲ್ಲಿ ಆಡು ಓಡಾಡುತ್ತಿರುತ್ತವೆ, ಮಕ್ಕಳು ಓಡಾಡುತ್ತಿರುತ್ತಾರೆ. ವೈರು ಕಾಲಿಗೆ ಸಿಕ್ಕಿದರೆ ಟ್ರೈಪಾಡ್ ಸಮೇತ ಕ್ಯಾಮೆರಾ ಬೀಳುತ್ತದೆ. ಇನ್ನೊಂದು ದಾರಿ ಆಪ್ಟಿಕಲ್ ಸ್ಲೇವ್, ಅಂದರೆ ಕ್ಯಾಮೆರಾದ ಪುಟ್ಟ ಫ್ಲ್ಯಾಶಿನ ಮಿಂಚು ಕಂಡೊಡನೆ ದೂರದ ಫ್ಲ್ಯಾಶ್ ತಾನೂ ಹೊಡೆಯುವುದು. ಗೋಡಾಕ್ಸ್ ಕಂಪನಿಯ ಟಿಟಿ600 ಫ್ಲ್ಯಾಶಿನಲ್ಲಿ ಎಸ್1, ಎಸ್2 ಎಂದಿರುವುದು ಇದೇ. ದುಡ್ಡು ಖರ್ಚಿಲ್ಲ. ಆದರೆ ಆ ಪುಟ್ಟ ಫ್ಲ್ಯಾಶನ್ನು ಡಿ5300ರಲ್ಲಿ ಮ್ಯಾನ್ಯುವಲ್ ಮಾಡಿ ಪವರನ್ನು 1/32ಕ್ಕೆ ಇಳಿಸಿದರೂ ಅದು ನೇರ ಬೆಳಕೇ. ನಾವು ಕಷ್ಟಪಟ್ಟು ಹುಟ್ಟಿಸಿದ ನೆರಳನ್ನು ಅಷ್ಟಿಷ್ಟು ತಿಂದೇ ತಿನ್ನುತ್ತದೆ. ಬಯಲಿನ ಬಿಸಿಲಿನಲ್ಲಿ ಸ್ಲೇವಿಗೆ ಆ ಮಿಂಚು ಕಾಣುವುದೂ ಇಲ್ಲ, ಕಂಬದ ಹಿಂದೆ ಇಟ್ಟರಂತೂ ಮುಗಿದೇ ಹೋಯಿತು.

ಹಾಗಾಗಿ ರೇಡಿಯೊ. ಇಲ್ಲಿ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಟ್ರಿಗರನ್ನು ಒಂಟಿಯಾಗಿ ಆರಿಸಬೇಡಿ, ಫ್ಲ್ಯಾಶ್ ಜೊತೆ ಆರಿಸಿ. ಮತ್ತು ರಿಸೀವರ್, ಅಂದರೆ ಟ್ರಿಗರಿನ ಸಂದೇಶ ಹಿಡಿಯುವ ಭಾಗ, ಫ್ಲ್ಯಾಶಿನ ಒಳಗೇ ಇರುವಂಥದ್ದನ್ನೇ ಆರಿಸಿ.

ಕಾರಣ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಬಿಡಿ ಟ್ರಿಗರಿನ ಜೋಡಿ. ಒಂದು ಕ್ಯಾಮೆರಾದ ಮೇಲೆ, ಇನ್ನೊಂದು ಫ್ಲ್ಯಾಶಿನ ಬುಡಕ್ಕೆ. ಹಳೆಯವು 433 ಮೆಗಾಹರ್ಟ್ಸ್, ಈಗಿನವು ಹೆಚ್ಚಾಗಿ 2.4 ಗಿಗಾಹರ್ಟ್ಸ್. ಯೊಂಗ್ನುವೊ ಕಂಪನಿಯ ಆರ್‌ಎಫ್-603 ಜೋಡಿ ಈ ಜಾತಿಯದು. “ಹೊಡಿ” ಎನ್ನುವ ಒಂದೇ ಸಂದೇಶ ಕಳಿಸುತ್ತದೆ, ಪವರನ್ನು ಫ್ಲ್ಯಾಶಿನ ಹಿಂದಿನ ಗುಂಡಿ ಒತ್ತಿಯೇ ಇಡಬೇಕು. ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತರೆ ಬಹಳ ಒಳ್ಳೆಯ ಸಾಮಾನು. ಆದರೆ ನಮ್ಮ ಕೆಲಸದಲ್ಲಿ ಫ್ಲ್ಯಾಶ್ ಒಬ್ಬರ ಕೈಯಲ್ಲಿರುತ್ತದೆ, ಒಂದೊಂದು ಕ್ಲಿಕ್ಕಿಗೂ ಜಾಗ ಬದಲಾಯಿಸುತ್ತದೆ. ಫ್ಲ್ಯಾಶ್ ಭಾರ, ರಿಸೀವರ್ ಹಗುರ, ನಡುವೆ ಒಂದು ಹಾಟ್ ಶೂ. ಕೈ ತಿರುಗಿದಾಗೆಲ್ಲ ಆ ಕೀಲು ಒಂಚೂರು ಸಡಿಲಾಗುತ್ತದೆ, ಪಿನ್ನು ಒಂದು ಕೂದಲಷ್ಟು ಸರಿದರೂ ಫ್ಲ್ಯಾಶ್ ಮಿಸ್ ಆಗುತ್ತದೆ. ಜೊತೆಗೆ ರಿಸೀವರಿಗೆಂದು ಪ್ರತ್ಯೇಕ ಸೆಲ್ಲು ಬೇರೆ. ರಿಸೀವರ್ ಫ್ಲ್ಯಾಶಿನ ಹೊಟ್ಟೆಯಲ್ಲೇ ಇದ್ದರೆ ಆ ಕೀಲೂ ಇಲ್ಲ, ಆ ಸೆಲ್ಲೂ ಇಲ್ಲ.

ನಾನು ಕೊಂಡದ್ದು ಗೋಡಾಕ್ಸ್ ಟಿಟಿ600 ಮತ್ತು ಅದಕ್ಕೆ ಎಕ್ಸ್2ಟಿ-ಎನ್ ಟ್ರಿಗರ್. ಯೊಂಗ್ನುವೊ ಬೇಕೆನ್ನುವವರಿಗೆ ಅದೇ ತರಹ ವೈಎನ್560 ನಾಲ್ಕನೆಯ ಮಾದರಿ, ಅದನ್ನು ಆಳುವ ವೈಎನ್560-ಟಿಎಕ್ಸ್ ಇವೆ. ಎರಡೂ ಕಡೆ ಕ್ಯಾಮೆರಾದ ಮೇಲೆ ಕೂತ ಟ್ರಿಗರಿನಿಂದಲೇ ಪವರ್ ಏರಿಸಬಹುದು, ಇಳಿಸಬಹುದು. ನಾನು ಗೋಡಾಕ್ಸ್ ಕಡೆ ವಾಲಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದರ ಎಕ್ಸ್ ಸಿಸ್ಟಮ್‌ನಲ್ಲಿ ಟ್ರಿಗರ್ ಮಾತ್ರ ಕ್ಯಾಮೆರಾ ಕಂಪನಿಗೆ ತಕ್ಕದ್ದಾಗಿರಬೇಕು, ಫ್ಲ್ಯಾಶ್ ಯಾವುದಿದ್ದರೂ ನಡೆಯುತ್ತದೆ. ನಾಳೆ ನಿಕಾನ್ ಬಿಟ್ಟು ಸೋನಿಗೆ ಹೋದರೆ ಎಕ್ಸ್2ಟಿ-ಎಸ್ ಒಂದನ್ನು ಕೊಂಡರೆ ಸಾಕು, ಫ್ಲ್ಯಾಶ್ ಮಾರುವ ಪ್ರಸಂಗ ಬರುವುದಿಲ್ಲ. ಆದರೆ ಡಬ್ಬಿಯ ಮೇಲೆ ಗೋಡಾಕ್ಸ್ ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದಕ್ಕೊಂದು ಹೊಂದುವುದಿಲ್ಲ. ಅವರದೇ ಹಳೆಯ ಸಿಟಿ-16, 433 ಮೆಗಾಹರ್ಟ್ಸಿನದು, ಟಿಟಿ600ರ ಒಳಗಿನ ರಿಸೀವರನ್ನು ಎಬ್ಬಿಸಲಾರದು. ಯೊಂಗ್ನುವೊದಲ್ಲೂ 603ರ ಮನೆತನ ಬೇರೆ, 622ರ ಮನೆತನ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಒಂದು ವಿಷಯವನ್ನು ಕೇಳದೆ ದುಡ್ಡು ಕೊಡಬೇಡಿ.

ಇನ್ನು ಟಿಟಿಎಲ್. ಅಂಗಡಿಯವರು ಮೊದಲು ತೋರಿಸುವುದೇ ಅದನ್ನು, ಬೆಲೆಯೂ ಅದರಿಂದಲೇ ಏರುವುದು. ಮದುವೆಯಲ್ಲಿ ವಧೂವರರ ಹಿಂದೆ ಓಡುವವರಿಗೆ ಅದು ಬೇಕು, ನಾನು ಒಪ್ಪುತ್ತೇನೆ. ಕಲ್ಲಿಗೆ ಬೇಡ. ಟಿಟಿಎಲ್ ಪ್ರತಿ ಕ್ಲಿಕ್ಕಿಗೂ ಮೊದಲು ಒಂದು ಸಣ್ಣ ಮಿಂಚು ಹೊಡೆದು, ತಿರುಗಿ ಬಂದ ಬೆಳಕು ನೋಡಿ ಪವರನ್ನು ತಾನೇ ತೀರ್ಮಾನಿಸುತ್ತದೆ. ಕಪ್ಪು ಕಲ್ಲನ್ನು ಬೂದು ಮಾಡಲು ಹೋಗುತ್ತದೆ, ಎಣ್ಣೆ ಹಚ್ಚಿದ ಕಲ್ಲು ಹೊಳೆದರೆ ಪವರ್ ಇಳಿಸಿಬಿಡುತ್ತದೆ. ಒಂದೇ ಕಲ್ಲನ್ನು ನಾಲ್ಕು ದಿಕ್ಕಿನಿಂದ ತೆಗೆದ ಫೋಟೊಗಳು ನಾಲ್ಕು ಬೆಳಕಿನಲ್ಲಿ ಬಂದರೆ ಹೋಲಿಸಿ ಓದುವುದು ಹೇಗೆ? ಮ್ಯಾನ್ಯುವಲ್‌ನಲ್ಲಿ ಇಟ್ಟರೆ ಇಟ್ಟಷ್ಟೇ ಹೊಡೆಯುತ್ತದೆ. ಎಕ್ಸ್2ಟಿಯಲ್ಲಿ ಟಿಟಿಎಲ್ ಇದೆ, ಆದರೆ ಟಿಟಿ600ರಲ್ಲಿ ಇಲ್ಲ. ಇಲ್ಲದಿರುವುದರಿಂದಲೇ ಆ ಫ್ಲ್ಯಾಶ್ ಅಗ್ಗ, ಅಷ್ಟರ ಮಟ್ಟಿಗೆ ನಮಗೆ ಲಾಭ.

ಹೈ ಸ್ಪೀಡ್ ಸಿಂಕ್, ಅಂದರೆ ಕ್ಯಾಮೆರಾದ ಮಾಮೂಲಿ ಮಿತಿಗಿಂತ ಹೆಚ್ಚಿನ ಶಟರ್ ವೇಗದಲ್ಲೂ ಫ್ಲ್ಯಾಶ್ ಹೊಡೆಯುವ ಸೌಲಭ್ಯ, ಅದರ ವಿಷಯವೂ ಹಾಗೆಯೇ. ನನ್ನ ಡಿ5300ಕ್ಕೆ ಅದು ಇಲ್ಲವೇ ಇಲ್ಲ, 1/200ರ ಮೇಲೆ ಫ್ಲ್ಯಾಶ್ ಜೊತೆ ಹೋಗುವಂತಿಲ್ಲ. ಇದ್ದರೂ ಈ ಕೆಲಸದಲ್ಲಿ ಅದನ್ನು ನೆಚ್ಚಲಾಗದು, ಆ ರೀತಿಯಲ್ಲಿ ಹೊಡೆದಾಗ ಫ್ಲ್ಯಾಶಿನ ಕಸುವು ಬಹಳ ಕುಗ್ಗುತ್ತದೆ. ಬಿಸಿಲು ಜೋರಾಗಿದ್ದರೆ ಒಂದು ದೊಡ್ಡ ಕಪ್ಪು ಕೊಡೆ ತನ್ನಿ. ಕಲ್ಲಿನ ಮೇಲೆ ನೆರಳು ಬಿದ್ದರೆ ಸಾಕು, ಮಿಕ್ಕಿದ್ದನ್ನು ಫ್ಲ್ಯಾಶ್ ನೋಡಿಕೊಳ್ಳುತ್ತದೆ.

ನೆರಳಿನಲ್ಲಿ ನಾನು ಶುರು ಮಾಡುವುದು ಐಎಸ್ಒ 100, ಎಫ್/11, 1/200ರಿಂದ. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಫೋಟೊ. ಅದು ಹೆಚ್ಚುಕಡಿಮೆ ಕಪ್ಪಗೆ ಬರಬೇಕು, ಅಂದರೆ ಹಗಲ ಬೆಳಕು ನಮ್ಮ ನೆರಳಿನ ತಂಟೆಗೆ ಬರುವುದಿಲ್ಲ. ಆಮೇಲೆ ಫ್ಲ್ಯಾಶ್ ಜೂಮ್ 80ಕ್ಕೆ, ದೂರ ಒಂದೂವರೆ ಮೀಟರ್, ಪವರ್ 1/2. ಓರೆಯಾಗಿ ಬೀಳುವ ಬೆಳಕು ತೆಳ್ಳಗೆ ಹರಡುತ್ತದೆ, ಆದ್ದರಿಂದ ನೇರಕ್ಕೆ ಬೇಕಾದದ್ದಕ್ಕಿಂತ ಸುಮಾರು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಹೆಚ್ಚು ಬೆಳಕು ಬೇಕಾಗುತ್ತದೆ. ಗುಡಿಯ ಕತ್ತಲಲ್ಲಿ, ಸಂಜೆ ಮೇಲೆ 1/8 ಕೂಡ ಹೆಚ್ಚಾಗಬಹುದು. ಈ ಏರಿಳಿತಕ್ಕೆ ಟ್ರಿಗರಿನ ಮೇಲೇ ಪವರ್ ಚಕ್ರ ಇರುವುದು ನನಗೆ ದೊಡ್ಡ ಅನುಕೂಲ. ಫ್ಲ್ಯಾಶ್ ಹಿಡಿದ ಹುಡುಗ ಗುಂಡಿ ಒತ್ತಲು ಹೋದರೆ ಹಿಡಿದ ಕೋನವೇ ಬದಲಾಗುತ್ತದೆ.

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಮೂರು ಹಂತದ ವೀರಗಲ್ಲು ಸಿಕ್ಕಿತ್ತು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಗೆ ಸೂರ್ಯ ಚಂದ್ರ. ಅಕ್ಷರ ಇದ್ದದ್ದು ಹಂತ ಹಂತದ ನಡುವಿನ ಪಟ್ಟಿಗಳಲ್ಲಿ. ಮೇಲಿಂದ ಬೆಳಕು ಬಿಟ್ಟರೆ ಉಬ್ಬಿಕೊಂಡ ಶಿಲ್ಪದ ನೆರಳೇ ಬಂದು ಪಟ್ಟಿಯನ್ನು ಮುಚ್ಚುತ್ತಿತ್ತು. “ಅತ್ತೀ, ಇನ್ನಷ್ಟು ಕೆಳಗ ಹಿಡೀಲೇನು?” ಅಂತ ಅಣ್ಣನ ಮಗ ಮಂಡಿಯೂರಿ ಫ್ಲ್ಯಾಶನ್ನು ಪಟ್ಟಿಯ ಮಟ್ಟಕ್ಕೇ ತಂದು ಬಲಗಡೆಯಿಂದ ಹಿಡಿದ. ಕ್ಲಿಕ್ ಮಾಡಿದೆ. ಪರದೆಯ ಮೇಲೆ ಉದ್ದನೆಯ ಗೀಟುಗಳಷ್ಟೇ ಎದ್ದು ನಿಂತವು, ದುಂಡು ಭಾಗ ಇನ್ನೂ ಮಲಗಿತ್ತು. ಎಡಗಡೆಯಿಂದ ಇನ್ನೊಂದು. ಕೆಳಗಿನಿಂದ ಮೇಲಕ್ಕೆ ಮತ್ತೊಂದು, ಆಗ ಅಡಿಯ ಒತ್ತಕ್ಷರಗಳು ಕಂಡವು. ಮೂರನ್ನೂ ಸೇರಿಸಿ ನೋಡಿದಾಗ ಸಾಲಿನ ಮೊದಲಿಗೆ “ಸ್ವಸ್ತಿ ಶ್ರೀ” ಅಂತ ಸ್ಪಷ್ಟವಾಗಿತ್ತು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಬಗ್ಗಿ ಪರದೆ ನೋಡಿದರು. “ಯವ್ವಾ, ನಾ ಹುಟ್ಟಿದಾಗಿಂದ ಈ ಕಲ್ಲು ನೋಡೇನಿ. ಇದರಾಗ ಅಕ್ಷರ ಅದಾವಂತ ಗೊತ್ತೇ ಇದ್ದಿಲ್ಲ.” “ಅದಾವ್ರೀ ಅಜ್ಜಾರ, ತಡೀರಿ, ಇನ್ನೊಂದು ಮಗ್ಗಲದಿಂದ ಲೈಟ್ ಬಿಡ್ತೀವಿ” ಅಂದೆ. ಅವರು ಎದ್ದು ಹೋಗಿ ಕಲ್ಲಿಗೆ ಆನಿಸಿದ್ದ ಕಟ್ಟಿಗೆ ಹೊರೆಯನ್ನು ತಾವೇ ಸರಿಸಿ ಕೊಟ್ಟರು.

ಅಶೋಕನ ಕಾಲದ ಬ್ರಾಹ್ಮಿಯಲ್ಲಿ ನೇರ ಗೆರೆಗಳೇ ಹೆಚ್ಚು, ಒಂದೆರಡು ದಿಕ್ಕಿನ ಬೆಳಕಿಗೆ ಬಹಳಷ್ಟು ಸಿಗುತ್ತದೆ. ಚಾಲುಕ್ಯರ ಕಾಲದ ದುಂಡು ಕನ್ನಡ ಅಕ್ಷರಕ್ಕೆ ಕಡಿಮೆ ಎಂದರೂ ನಾಲ್ಕು ದಿಕ್ಕು ಬೇಕು. ನಮ್ಮ ಭಾಗದಲ್ಲಿ ಎರಡೂ ಇವೆ ಎನ್ನುವುದು ನನಗೆ ಹೆಮ್ಮೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. 1931ರಲ್ಲಿ ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅವನ ಶಾಸನಗಳು ಪತ್ತೆಯಾದವು. ಇಟಗಿಯ ಮಹಾದೇವ ದೇವಾಲಯ 1112ರದು. ಆದರೆ ಇಂಥ ಸಂರಕ್ಷಿತ ಜಾಗಗಳಲ್ಲಿ ಟ್ರೈಪಾಡು, ಸ್ಟ್ಯಾಂಡು, ಫ್ಲ್ಯಾಶು ಬಿಚ್ಚುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿ ಅನುಮತಿ ಪಡೆದುಕೊಳ್ಳಿ. ಹಳ್ಳಿಯ ಕಲ್ಲಿಗೂ ಅಷ್ಟೇ. ಪೂಜೆಯಾಗುವ ಕಲ್ಲಾಗಿದ್ದರೆ ಚಪ್ಪಲಿ ಬಿಟ್ಟು, ಪೂಜಾರಿಗಳಿಗೆ ಹೇಳಿ ಮುಂದುವರಿಯಿರಿ.

ಈಗ ಟ್ರಿಗರ್ ಮನೆಗೆ ಬಂದ ದಿನ ಮಾಡಬೇಕಾದ ಕೆಲಸ. ಬಿಳಿ ಗೋಡೆಗೆ ಫ್ಲ್ಯಾಶ್ ಹಿಡಿದು 1/125, 1/160, 1/200, 1/250 ಹೀಗೆ ಒಂದೊಂದು ಫೋಟೊ ತೆಗೆಯಿರಿ. ಯಾವುದರಲ್ಲಿ ಕೆಳಗಿನ ಅಂಚಿಗೆ ಕಪ್ಪು ಪಟ್ಟಿ ಬರುತ್ತದೋ ಅದರ ಹಿಂದಿನ ವೇಗವೇ ನಿಮ್ಮ ಮಿತಿ. ಕ್ಯಾಮೆರಾ ಪುಸ್ತಕದಲ್ಲಿ 1/200 ಎಂದಿದ್ದರೂ ಅಗ್ಗದ ಟ್ರಿಗರ್ ಸಂದೇಶ ಮುಟ್ಟಿಸುವಲ್ಲಿ ಒಂದಿಷ್ಟು ತಡಮಾಡಿದರೆ 1/160ಕ್ಕೆ ಇಳಿಯಬೇಕಾಗುತ್ತದೆ. ಕಲ್ಲಿನ ಫೋಟೊದಲ್ಲಿ ಈ ಪಟ್ಟಿಯನ್ನು ನೆರಳೆಂದು ತಿಳಿಯುವ ಸಾಧ್ಯತೆ ಇದೆ, ಗೋಡೆಯಲ್ಲಾದರೆ ತಪ್ಪದೆ ಕಾಣುತ್ತದೆ.

ಡಬ್ಬಿಯ ಮೇಲೆ ನೂರು ಮೀಟರ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಮಗೆ ಬೇಕಾದದ್ದು ಎರಡು ಮೀಟರ್. ಹತ್ತಿರ ಎನ್ನುವುದೇ ಕೆಲವೊಮ್ಮೆ ತೊಂದರೆ. ಫ್ಲ್ಯಾಶ್ ಕ್ಯಾಮೆರಾದ ಪಕ್ಕದಲ್ಲೇ ಬಂದಾಗ ಸಿಗ್ನಲ್ ಅತಿಯಾಗಿ ಫೈರ್ ಆಗದೆ ಇರುವುದುಂಟು. ಎಕ್ಸ್2ಟಿಯ ಕಸ್ಟಮ್ ಮೆನುವಿನಲ್ಲಿ ದೂರದ ಆಯ್ಕೆ ಇದೆ, ಅದನ್ನು 0-30 ಮೀಟರಿಗೆ ಇಟ್ಟುಬಿಟ್ಟರೆ ಆ ತಾಪತ್ರಯ ತಪ್ಪುತ್ತದೆ. ಮತ್ತೆ, ಫ್ಲ್ಯಾಶ್ ಹಿಡಿದವರು ಅದನ್ನು ತಮ್ಮ ಎದೆಯ ಮರೆಗೆ ಅವಚಿಕೊಳ್ಳಬಾರದು. ಮೈಯಲ್ಲಿರುವ ನೀರು ಈ 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುತ್ತದೆ. ಕೈ ಚಾಚಿ ಹಿಡಿಯಬೇಕು. ಚಾನಲ್ಲನ್ನು ಮಾತ್ರ ಒಂದನೇ ನಂಬರಿನಲ್ಲೇ ಬಿಡಬೇಡಿ, ನಿಮ್ಮ ಜೋಡಿಯನ್ನು ಬೇರೆಯವರದರಿಂದ ಬೇರೆ ಮಾಡುವ ಐಡಿ ನಂಬರನ್ನೂ ಇಟ್ಟುಕೊಳ್ಳಿ. ಹಳ್ಳಿಯ ಗುಡಿಯಲ್ಲಿ ಪರವಾಗಿಲ್ಲ, ಆದರೆ ಗುಡಿಯಲ್ಲಿ ಅದೇ ದಿನ ಮದುವೆ ಇದ್ದು ಅಲ್ಲಿನ ಫೋಟೊಗ್ರಾಫರೂ ಗೋಡಾಕ್ಸ್ ಒಂದನೇ ಚಾನಲ್ ಇಟ್ಟಿದ್ದರೆ ಅವರ ಅಕ್ಕಿಕಾಳಿನ ಹೊತ್ತಿಗೆ ನಿಮ್ಮ ಫ್ಲ್ಯಾಶ್ ಹೊಡೆಯುತ್ತದೆ, ನಿಮ್ಮ ಕ್ಲಿಕ್ಕಿಗೆ ಅವರದು. ಅವರ ದುಡಿಮೆಗೆ ನಮ್ಮಿಂದ ತೊಂದರೆ ಆಗಬಾರದು.

ಸೆಲ್ಲಿಗೆ ದುಡ್ಡು ಉಳಿಸಬೇಡಿ. ಗೋಡೆ ಗಡಿಯಾರಕ್ಕೆ ಹಾಕುವ ಸಾದಾ ಸೆಲ್ಲು ಫ್ಲ್ಯಾಶಿಗೆ ತಡೆಯುವುದಿಲ್ಲ, ಅರ್ಧ ಪವರಿನಲ್ಲಿ ಒಂದಷ್ಟು ಹೊಡೆತಕ್ಕೇ ಮತ್ತೆ ಚಾರ್ಜ್ ಆಗಲು ತಿಣುಕತೊಡಗುತ್ತದೆ. ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಡಬಲ್ ಎ ಸೆಲ್ಲು ಎರಡು ಸೆಟ್ ಇರಲಿ. ಫ್ಲ್ಯಾಶಿಗೆ ನಾಲ್ಕು, ಎಕ್ಸ್2ಟಿಗೆ ಎರಡು. ಕೆಲಸ ಮುಗಿದ ಮೇಲೆ ಟ್ರಿಗರಿನಿಂದ ತೆಗೆದಿಡಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಫ್ಲ್ಯಾಶನ್ನು ಬರಿಯ ಬಂಡೆಯ ಮೇಲೆ ಇಡಲೇಬಾರದು, ಬಿಡುವು ಕೊಡದೆ ದೊಡ್ಡ ಪವರಿನಲ್ಲಿ ಹೊಡೆದರೆ ಅದು ಬಿಸಿಯೇರಿ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಹಾಟ್ ಶೂ ಪಿನ್ನುಗಳಿಗೆ ಧೂಳು ಕೂರುತ್ತದೆ, ಒಣ ಬಟ್ಟೆಯಿಂದ ಆಗಾಗ ಒರೆಸಿ.

ಕ್ಯಾನನ್ ಇರುವವರಿಗೆ ಒಂದು ಎಚ್ಚರಿಕೆ. 200ಡಿ ಮಾರ್ಕ್ 2, 1500ಡಿ, 3000ಡಿ ಇವುಗಳ ಹಾಟ್ ಶೂನಲ್ಲಿ ನಡುವಿನ ಪಿನ್ ಇಲ್ಲ, ಕಂಪನಿಯೇ ತೆಗೆದುಹಾಕಿದೆ. ಬಹಳಷ್ಟು ಅಗ್ಗದ ಟ್ರಿಗರುಗಳು ಆ ಒಂದು ಪಿನ್ನನ್ನೇ ನಂಬಿ ಬದುಕುವಂಥವು, ಈ ಕ್ಯಾಮೆರಾಗಳ ಮೇಲೆ ಅವು ಉಸಿರೇ ಎತ್ತುವುದಿಲ್ಲ. ಕ್ಯಾನನ್ನಿನ ಸ್ವಂತ ಪಿನ್ನುಗಳ ಮೂಲಕ ಮಾತಾಡುವ ಎಕ್ಸ್2ಟಿ-ಸಿ ಥರದ್ದೇ ಬೇಕು, ಅದರಲ್ಲೂ ಹೊಸ ಫರ್ಮ್‌ವೇರ್ (ಟ್ರಿಗರಿನ ಒಳಗಿನ ಸಾಫ್ಟ್‌ವೇರ್) ಇರುವುದು. ಕೊಳ್ಳುವ ಮುನ್ನ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಹಚ್ಚಿ ನೋಡಿ. ಮಿರರ್‌ಲೆಸ್ ಇರುವವರು ಸೈಲೆಂಟ್ ಶಟರ್ ಆಫ್ ಮಾಡಿ, ಎಲೆಕ್ಟ್ರಾನಿಕ್ ಶಟರಿನಲ್ಲಿ ಫ್ಲ್ಯಾಶ್ ಸಾಮಾನ್ಯವಾಗಿ ಹೊಡೆಯುವುದಿಲ್ಲ.

ಈಗ ನನ್ನ ಮನಸ್ಸೆಲ್ಲ ಇರುವುದು ಆರ್‌ಟಿಐ ಮೇಲೆ. ಮಾಹಿತಿ ಹಕ್ಕಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್. ಎಚ್‌ಪಿ ಪ್ರಯೋಗಾಲಯದಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತವರ ಜೊತೆಗಾರರು 2001ರಲ್ಲಿ ಹೊರತಂದ ವಿಧಾನದಿಂದ ಬೆಳೆದದ್ದು ಇದು. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲುಗದೆ ಇರಬೇಕು, ಕಲ್ಲಿನ ಪಕ್ಕದಲ್ಲಿ ಹೊಳೆಯುವ ಕಪ್ಪು ಗೋಲಿ ಇಡಬೇಕು, ಫ್ಲ್ಯಾಶ್ ಸುತ್ತಲೂ ಬೇರೆ ಬೇರೆ ಎತ್ತರದಿಂದ ಒಂದೇ ದೂರದಲ್ಲಿ ಹೊಡೆಯುತ್ತಾ ಹೋಗಬೇಕು. ಗೋಲಿಯ ಮೇಲಿನ ಮಿನುಗು ನೋಡಿ ಸಾಫ್ಟ್‌ವೇರ್ ಬೆಳಕು ಬಂದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮೌಸ್ ಎಳೆದ ಕಡೆಯಿಂದ ಬೆಳಕು ಬಿಟ್ಟು ಕಲ್ಲನ್ನು ಓದಬಹುದು. ಸಾಫ್ಟ್‌ವೇರ್ ಉಚಿತ. ದೂರ ಒಂದೇ ಇರಲು ಫ್ಲ್ಯಾಶಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಲ್ಲಿನ ನಡುಮಧ್ಯಕ್ಕೆ ತಾಗಿಸದೆ ಹಿಡಿದು ಅಳೆದು, ದಾರ ಬಿಟ್ಟು ಕ್ಲಿಕ್ ಮಾಡುತ್ತಾರೆ. ಕಲ್ಲಿನ ಕರ್ಣದ ಎರಡರಿಂದ ನಾಲ್ಕು ಪಟ್ಟು ದಾರ ಬೇಕು. ಇದಕ್ಕೂ ನಾನು ಮೇಲೆ ಹೇಳಿದ ಟ್ರಿಗರೇ ಸಾಕು, ಏಕೆಂದರೆ ಇಲ್ಲಿ ಬೇಕಾದದ್ದು ಪ್ರತಿ ಸಲವೂ ತಪ್ಪದೆ, ಅಷ್ಟೇ ಪ್ರಮಾಣದಲ್ಲಿ ಹೊಡೆಯುವುದು. ನಡುವೆ ಒಂದು ಮಿಸ್ ಆದರೂ ಆ ದಿಕ್ಕಿನ ಫೋಟೊ ಮತ್ತೆ ತೆಗೆಯಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ಈಗಾಗಲೇ ವೈಎನ್560 ಮೂರನೆಯದೋ ನಾಲ್ಕನೆಯದೋ ಇದ್ದರೆ ಗೋಡಾಕ್ಸಿಗೆ ಬದಲಾಗಬೇಡಿ, ವೈಎನ್560-ಟಿಎಕ್ಸ್ ಒಂದನ್ನು ಕೊಂಡು ಭಾನುವಾರವೇ ಹೊರಡಿ. ಏನೂ ಇಲ್ಲದವರು ಟಿಟಿ600 ಮತ್ತು ನಿಮ್ಮ ಕ್ಯಾಮೆರಾಕ್ಕೆ ತಕ್ಕ ಎಕ್ಸ್2ಟಿ ಕೊಳ್ಳಿ. ಸಣ್ಣ ತಾಲೂಕಿನ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಿ, ಆದರೆ ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ ಗೋಡೆಯ ಪರೀಕ್ಷೆ ಮಾಡಿಬಿಡಿ. ನಿಮ್ಮೂರಿನ ಕಲ್ಲಿನಲ್ಲಿ ಅಕ್ಷರ ಕಂಡರೆ ನಾಲ್ಕೂ ದಿಕ್ಕಿನ ಫೋಟೊ, ಊರಿನ ಹೆಸರು, ಕಲ್ಲು ಇರುವ ಜಾಗ, ಅಳತೆ ಬರೆದು ನನಗೆ ಕಳಿಸಿ. ಓದಬಲ್ಲವರ ಕೈಗೆ ನಾನು ಮುಟ್ಟಿಸುತ್ತೇನೆ.